ರಾಣಿ ಶಾಂತಲೆ ಮತ್ತು ಆಕೆಯ ತಾಯಿ

ಬೇಲೂರು, ಹಳೇಬೀಡುಗಳಿಗೆ ಪ್ರವಾಸ ಹೋಗಿ ಬರುವವರಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬಗಳೂ ಇವೆ. ರೈಲಿನಲ್ಲಿ ಬರುವವರು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ಬಸ್ಸು ಹಿಡಿಯಬಹುದು. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಆ ಊರಿಗೆ ಹೆಸರು ಬಂತೆಂಬುದು ಪ್ರತೀತಿ. 1220ರ ಸುಮಾರಿನ ಹೊಯ್ಸಳರ ಈಶ್ವರ ದೇವಾಲಯ ಅಲ್ಲಿಯೂ ಉಂಟು. ಮುಂದೆ ಹಳೇಬೀಡು, ಹಳೇಬೀಡಿನಿಂದ 16 ಕಿಲೋಮೀಟರ್ ದೂರದಲ್ಲಿ ಬೇಲೂರು. ಈ ಎರಡೂ ಊರುಗಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅಲ್ಲಿಗೆ ಹೋದವರೆಲ್ಲರ ಕಿವಿಗೆ ಬೀಳುವ ಹೆಸರು ಶಾಂತಲೆಯದು. ಆಕೆಯ ತಾಯಿ ಯಾರೆಂದು ಕೇಳುವವರು ಕಡಿಮೆ. ಆ ತಾಯಿಯ ಹೆಸರು ಮಾಚಿಕಬ್ಬೆ. ಈ ತಾಯಿ ಮಗಳ ಬಾಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಮನೆಗಳಿಗೂ ಚಿಂತನೆಗೆ ವಿಷಯವಿದೆ.

ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಸೂರಿನ ಕೆಳಗೆ ಎರಡು ಬಗೆಯ ಪೂಜೆ ನಡೆಯುತ್ತಿದ್ದ ಆ ಮನೆಯಲ್ಲಿ ಮಗಳು ಹಿಡಿದದ್ದು ತಾಯಿಯ ದಾರಿಯನ್ನು. ಹಾಡು, ವಾದ್ಯ, ನೃತ್ಯ ಮೂರರಲ್ಲೂ ಆಕೆ ಪ್ರವೀಣೆ ಎಂದು ಶಾಸನಗಳು ಹೊಗಳಿವೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕೈಹಿಡಿದು ಆಕೆ ಪಟ್ಟಮಹಿಷಿಯಾದಳು. ವಿಷ್ಣುವರ್ಧನನು ಮೊದಲು ಜೈನನಾಗಿದ್ದು, ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂಬುದು ಸಂಪ್ರದಾಯದ ಮಾತು. ಪತಿಯ ದಾರಿ ಬೇರೆಯಾದರೂ ರಾಣಿ ತನ್ನ ವಿಶ್ವಾಸವನ್ನು ಬಿಡಲಿಲ್ಲ. ಪತಿಯನ್ನು ಗೌರವಿಸುವುದನ್ನೂ ಬಿಡಲಿಲ್ಲ.

ಇದಕ್ಕೆ ಕಲ್ಲುಗಳೇ ಸಾಕ್ಷಿ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ, ಅದೇ ಅಂಗಳದಲ್ಲಿ ಶಾಂತಲೆಯೂ ಒಂದು ದೇವಾಲಯವನ್ನು ಕಟ್ಟಿಸಿದಳು. ಇಂದು ಕಪ್ಪೆ ಚೆನ್ನಿಗರಾಯನ ಗುಡಿ ಎಂದು ಕರೆಯುವುದು ಅದನ್ನೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಎರಡು ಗರ್ಭಗುಡಿಗಳಿವೆ. ಒಂದು ದೊರೆಯ ಹೆಸರಿನದು, ಇನ್ನೊಂದು ಆಕೆಯ ಹೆಸರಿನ ಶಾಂತಲೇಶ್ವರ. ಆಕೆಯ ಸ್ವಂತ ಭಕ್ತಿಯ ಕಾಣಿಕೆಯನ್ನು ನೋಡಬೇಕಾದರೆ ಮಾತ್ರ ಶ್ರವಣಬೆಳಗೊಳಕ್ಕೆ ಹೋಗಬೇಕು. ಅಲ್ಲಿಯ ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಶಾಂತಿನಾಥನ ಮೂರ್ತಿಯನ್ನು ಇರಿಸಿ, ಪೂಜೆಗೂ ಮುನಿಗಳ ಆಹಾರಕ್ಕೂ ದತ್ತಿ ಬಿಟ್ಟಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು.

1131ರಲ್ಲಿ ಶಾಂತಲೆ ನೆಲಮಂಗಲದ ಬಳಿಯ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದ ತುದಿಯಿಂದ ಹಾರಿಕೊಂಡಳೆಂಬ ಕಥೆ ಜನರ ಬಾಯಲ್ಲಿ ಬೆಳೆದಿದೆ. ಬೆಳಗೊಳದ ಶಾಸನ ಹೇಳುವುದು ಆಕೆ ಆ ಸ್ಥಳದಲ್ಲಿ ಸ್ವರ್ಗಸ್ಥಳಾದಳೆಂದು ಮಾತ್ರ.

ಆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ, ತಾಯಿಯ ಕಡೆಗೂ ತಿರುಗುತ್ತದೆ. ಮಗಳಿಲ್ಲದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಬಂಧುಗಳನ್ನು ಬೀಳ್ಕೊಟ್ಟು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತಾ, ಒಂದು ತಿಂಗಳು ಅನ್ನ ಬಿಟ್ಟು, ಗುರುಗಳ ಸಮ್ಮುಖದಲ್ಲಿ ಪ್ರಾಣ ಬಿಟ್ಟಳು. ಮಗಳಿಗೆ ದೇವರ ದಾರಿ ತೋರಿಸಿದ ತಾಯಿ ಕೊನೆಗೆ ಆ ಮಗಳ ಹಿಂದೆಯೇ ಹೊರಟುಹೋದಳು.

ಜೈನ ಬಂಧುಗಳು ಈ ವ್ರತವನ್ನು ತಪಸ್ಸೆಂದು ಕಾಣುತ್ತಾರೆ. ನಮ್ಮ ಧರ್ಮಸಭೆಯ ಬೋಧನೆ ಬೇರೆ. ಜೀವ ದೇವರ ಕೊಡುಗೆ. ಅದಕ್ಕೆ ನಾವು ಪಾರುಪತ್ಯಗಾರರೇ ಹೊರತು ಒಡೆಯರಲ್ಲ. ಆದರೆ ಒಂಬೈನೂರು ವರ್ಷಗಳ ಹಿಂದಿನ ಆ ತಾಯಿಯ ತೀರ್ಪುಗಾರರಾಗುವುದು ನಮ್ಮ ಕೆಲಸವಲ್ಲ. ಆಕೆಯ ದುಃಖ ನಮಗೆ ಅರ್ಥವಾಗಬೇಕು. ಹೆತ್ತವರ ಕಣ್ಣೆದುರೇ ಮಕ್ಕಳು ಹೋಗುವ ಸಂಕಟಕ್ಕೆ ಜಾತಿ ಮತಗಳಿಲ್ಲ.

ಅಂಥದೇ ಸಂಕಟ ಅದಕ್ಕೂ ಏಳು ಶತಮಾನಗಳ ಹಿಂದೆ ರೋಮ್ ನಗರದ ಒಬ್ಬ ತಾಯಿಗೆ ಬಂದಿತ್ತು. ಅವರೇ ಸಂತ ಪೌಲಾ. ಶ್ರೀಮಂತ ಮನೆತನದ ವಿಧವೆ, ಐದು ಮಕ್ಕಳ ತಾಯಿ. 384ರಲ್ಲಿ ಇಪ್ಪತ್ತರ ಹರೆಯದ ಹಿರಿಯ ಮಗಳು ಬ್ಲೆಸಿಲ್ಲಾ ತೀರಿಕೊಂಡಾಗ, ಶವಸಂಸ್ಕಾರದ ವೇಳೆ ತಾಯಿ ಪ್ರಜ್ಞೆ ತಪ್ಪಿದರು. ಸಂತ ಜೆರೋಮರು ಅವರಿಗೆ ಪತ್ರ ಬರೆದು, ತಾವೂ ಜೊತೆಯಲ್ಲಿ ಅತ್ತು, ದುಃಖ ಮಿತಿಮೀರದಂತೆ ಕಟುವಾಗಿಯೇ ಎಚ್ಚರಿಸಿದರು.

ಮರುವರ್ಷ ಪೌಲಾ ಇನ್ನೊಬ್ಬ ಮಗಳು ಯುಸ್ಟೋಕಿಯಮಳೊಂದಿಗೆ ಹಡಗು ಹತ್ತಿದರು. ದಡದಲ್ಲಿ ನಿಂತು ಅಳುತ್ತಿದ್ದ ಉಳಿದ ಮಕ್ಕಳನ್ನು ಬಿಟ್ಟು ಹೋಗುವುದು ಅವರಿಗೆ ಸುಲಭವಾಗಿರಲಿಲ್ಲ. ಸೈಪ್ರಸ್, ಅಂತಿಯೋಕ್ಯ, ಕೈಸರೇಯ, ಜೆರುಸಲೇಮ್, ಅಲೆಕ್ಸಾಂಡ್ರಿಯ ಹೀಗೆ ಹೆಸರಾಂತ ನಗರಗಳನ್ನು ತಾಯಿ ಮಗಳು ಹಾದುಹೋದರು. ಕೊನೆಗೆ ಯೇಸುಸ್ವಾಮಿ ಹುಟ್ಟಿದ ಬೆತ್ಲೆಹೇಮಿನಲ್ಲಿ ನೆಲೆನಿಂತರು. ಅಲ್ಲಿ ಗಂಡಸರಿಗೂ ಹೆಂಗಸರಿಗೂ ಮಠಗಳನ್ನೂ ಯಾತ್ರಿಕರಿಗೆ ಛತ್ರವನ್ನೂ ಕಟ್ಟಿಸಿದರು, ಹೀಬ್ರೂ ಕಲಿತರು, ಪವಿತ್ರ ಗ್ರಂಥವನ್ನು ಲತೀನ್ ಭಾಷೆಗೆ ತರುತ್ತಿದ್ದ ಜೆರೋಮರಿಗೆ ಬೆಂಬಲವಾಗಿ ನಿಂತರು. 404ರಲ್ಲಿ ಪೌಲಾ ತೀರಿಕೊಂಡಾಗ ಪಕ್ಕದಲ್ಲಿದ್ದು ಸೇವೆ ಮಾಡಿದವಳು ಅದೇ ಮಗಳು. ತಾಯಿಯ ನಂತರ ಮಠದ ಹೊಣೆ ಹೊತ್ತ ಆಕೆಯೂ ಸಂತಳೆನಿಸಿದಳು. ಜನವರಿ 26 ತಾಯಿಯ ಸ್ಮರಣೆಯ ದಿನ, ಸೆಪ್ಟೆಂಬರ್ 28 ಮಗಳದು.

ಮಾಚಿಕಬ್ಬೆ ಮತ್ತು ಪೌಲಾ, ಇಬ್ಬರೂ ಮಗಳನ್ನು ಕಳೆದುಕೊಂಡವರು. ಇಬ್ಬರೂ ದುಃಖವನ್ನು ಹೊತ್ತು ಹೋದದ್ದು ಪುಣ್ಯಕ್ಷೇತ್ರಕ್ಕೇ. ಪೌಲಾ ಅವರ ದುಃಖ ಬೆತ್ಲೆಹೇಮಿನಲ್ಲಿ ಬಡವರಿಗೆ ಅನ್ನವಾಯಿತು, ದಾರಿಹೋಕರಿಗೆ ನೆರಳಾಯಿತು. ಅದಕ್ಕೆ ಎರಡು ಕಾರಣಗಳನ್ನು ಕಾಣಬಹುದು. ಒಂದು, ಪುನರುತ್ಥಾನದ ಭರವಸೆ. ಇನ್ನೊಂದು, ಕೈಹಿಡಿದು ಜೊತೆಗೆ ನಡೆದವರು: ಬುದ್ಧಿ ಹೇಳಿದ ಒಬ್ಬ ಗುರು, ಬಿಟ್ಟುಹೋಗದ ಒಬ್ಬ ಮಗಳು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಮಕ್ಕಳನ್ನು ಮಣ್ಣಿಗೆ ಕೊಟ್ಟ ತಾಯಂದಿರಿದ್ದಾರೆ. ಶವಸಂಸ್ಕಾರದ ದಿನ ಮನೆ ತುಂಬ ಜನ. ತಿಂಗಳ ಬಲಿಪೂಜೆ ಮುಗಿದ ಮೇಲೆ ಬಾಗಿಲು ತಟ್ಟುವವರು ಎಷ್ಟು ಮಂದಿ? ಅಂಥ ಮನೆಯಲ್ಲಿ ಒಂದು ಸಂಜೆ ಕುಳಿತು ಜಪಸರ ಹೇಳಬಹುದು. ಉಪದೇಶ ಬೇಡ, ಹೋದ ಮಗುವಿನ ಹೆಸರೆತ್ತಿ ಮಾತನಾಡಿದರೂ ಸಾಕು. ಯಾತ್ರೆಗೋ ಪ್ರವಾಸಕ್ಕೋ ಹೊರಟಾಗ ಆ ತಾಯಿಯನ್ನೂ ಕರೆಯಬಹುದು. ಶಿಲುಬೆಯ ಮೇಲಿಂದ ಯೇಸುಸ್ವಾಮಿಯು ಮಗನನ್ನು ಕಳೆದುಕೊಳ್ಳುತ್ತಿದ್ದ ತಮ್ಮ ತಾಯಿಯನ್ನು ಪ್ರೀತಿಯ ಶಿಷ್ಯನ ಕೈಗೆ ಒಪ್ಪಿಸಿದರು. ಅಂದಿನಿಂದ ಆ ಶಿಷ್ಯನು ಮಾತೆ ಮರಿಯಮ್ಮನವರನ್ನು ತನ್ನ ಮನೆಯಲ್ಲಿ ಇರಿಸಿಕೊಂಡನು. ದುಃಖದಲ್ಲಿರುವ ತಾಯಂದಿರಿಗಾಗಿ ನಮ್ಮ ಮನೆಯ ಬಾಗಿಲೂ ತೆರೆದಿರಲಿ.