ಒಂದೇ ಪಂಕ್ತಿಯಲ್ಲಿ ಅನ್ನ, ಅಕ್ಷರ: ಕರ್ಮವೀರ ಭಾವುರಾವ್ ಪಾಟೀಲ

ದಕ್ಷಿಣ ಭಾರತ ಜೈನ ಸಭೆ ಸಮಾಜಸೇವೆಗೆ ಕೊಡುವ ಪ್ರಶಸ್ತಿಯೊಂದು ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನಲ್ಲಿದೆ. ಬಡತನ ಮತ್ತು ಜಾತಿಭೇದ ಎರಡನ್ನೂ ಒಟ್ಟಿಗೆ ಎದುರಿಸಿದ ಈ ಶ್ರಾವಕರನ್ನು ಜೈನ ಸಮಾಜ ಇಂದು ಹೆಮ್ಮೆಯಿಂದ ನೆನೆಯುತ್ತದೆ. ಆದರೆ ಅದೇ ಕೆಲಸದ ಮೊದಲ ಹೆಜ್ಜೆಗೇ ಅವರು ಸಮಾಜದ ವಸತಿಗೃಹದಿಂದ ಹೊರಬೀಳಬೇಕಾಗಿತ್ತು.

ಭಾವುರಾವ್ ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಬಾಹುಬಲಿ ಕ್ಷೇತ್ರದ ಯಾತ್ರೆಗೆ ಹೋಗುವ ಕನ್ನಡಿಗ ಜೈನರಿಗೆ ಇದು ಪರಿಚಿತ ಊರು. ತಂದೆ ಪಾಯಗೊಂಡ ಪಾಟೀಲ, ತಾಯಿ ಗಂಗಾಬಾಯಿ. ಸಂಪ್ರದಾಯಸ್ಥ ದಿಗಂಬರ ಜೈನ ಕುಟುಂಬ. ಇವರ ಪೂರ್ವಜರು ನಮ್ಮ ಮೂಡುಬಿದಿರೆಯ ಕಡೆಯಿಂದ ಹೋದವರು.

ಓದಿಗಾಗಿ ಕೊಲ್ಹಾಪುರಕ್ಕೆ ಬಂದ ಬಾಲಕ ಜೈನ ಬೋರ್ಡಿಂಗ್‌ನಲ್ಲಿ ಉಳಿದುಕೊಂಡ. ಆಗ ಛತ್ರಪತಿ ಶಾಹೂ ಮಹಾರಾಜರ ಆಡಳಿತದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ವಸತಿನಿಲಯಗಳು ತೆರೆಯುತ್ತಿದ್ದವು. ಅಸ್ಪೃಶ್ಯರೆನಿಸಿಕೊಂಡ ವಿದ್ಯಾರ್ಥಿಗಳಿಗೆಂದು ಕಟ್ಟಿದ ಮಿಸ್ ಕ್ಲಾರ್ಕ್ ವಸತಿನಿಲಯದ ಸಮಾರಂಭಕ್ಕೆ ಭಾವುರಾವ್ ಹೋಗಿಬಂದರು. ಮರಳಿದ ಮೇಲೆ ಸ್ನಾನ ಮಾಡಿ ಒಳಗೆ ಬರಬೇಕೆಂದಾಗ ಒಪ್ಪಲಿಲ್ಲ. ಬೋರ್ಡಿಂಗ್ ಬಿಡಬೇಕಾಯಿತು. ಆಗ ಅದರ ಹೊಣೆ ಹೊತ್ತಿದ್ದವರು ಸಮಾಜದ ಹಿರಿಯ ಮುಂದಾಳು ಅಣ್ಣಾಸಾಹೇಬ ಲಠ್ಠೆಯವರು.

ಕೆಲವೇ ವರ್ಷಗಳಲ್ಲಿ ಈ ಇಬ್ಬರ ಕಥೆ ಬೇರೆ ತಿರುವು ಪಡೆಯಿತು. 1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಶಯ ಲಠ್ಠೆಯವರ ಮೇಲೆ ಬಂತು. ಅವರ ವಿರುದ್ಧ ಸುಳ್ಳು ಸಾಕ್ಷಿ ಹೇಳಬೇಕೆಂದು ಭಾವುರಾವ್ ಅವರನ್ನು ಒತ್ತಾಯಿಸಲಾಯಿತು. ತಮ್ಮನ್ನು ಹೊರಗೆ ಹಾಕಿದವರ ಮೇಲೆ ಸೇಡು ತೀರಿಸಿಕೊಳ್ಳಲು ಅದೊಂದು ಅವಕಾಶವಾಗಿತ್ತು. ಅವರು ಸೆರೆವಾಸ, ಹೊಡೆತ ಎಲ್ಲವನ್ನೂ ಸಹಿಸಿದರು, ಸುಳ್ಳು ಹೇಳಲಿಲ್ಲ. ಲಠ್ಠೆಯವರು ಮುಂದೆ ಮುಂಬಯಿ ಪ್ರಾಂತ್ಯದ ಅರ್ಥಮಂತ್ರಿಯಾದರು.

ಭಾವುರಾವ್ ಮೆಟ್ರಿಕ್ ದಾಟಲಿಲ್ಲ. ಸಾತಾರದಲ್ಲಿ ಮನೆಪಾಠ ಹೇಳಿ ಪಾಟೀಲ ಮಾಸ್ತರ್ ಎನಿಸಿಕೊಂಡರು. ಓಗಲೆಯವರ ಕಂದೀಲು, ಕಿರ್ಲೋಸ್ಕರ್ ನೇಗಿಲು ಮಾರುತ್ತ ಹಳ್ಳಿಹಳ್ಳಿ ಸುತ್ತಿದರು. ರೈತನ ಸಾಲಕ್ಕೂ ಅನಕ್ಷರತೆಗೂ ಇರುವ ನಂಟು ಈ ತಿರುಗಾಟದಲ್ಲಿ ಅವರಿಗೆ ಕಣ್ಣಾರೆ ಕಂಡಿತು. 1919ರ ಅಕ್ಟೋಬರ್ 4ರಂದು ಕರಾಡ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. 1924ರಲ್ಲಿ ಅದು ಸಾತಾರಕ್ಕೆ ಬಂತು.

ಅಲ್ಲಿನ ವಸತಿಗೃಹದಲ್ಲಿ ಮರಾಠ, ಮಹಾರ, ಮಾಂಗ, ಜೈನ, ಮುಸ್ಲಿಂ ಹುಡುಗರು ಸೇರಿ ಅಡುಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಬಡ ಹುಡುಗನಿಗೆ ಅನ್ನ ಕೊಟ್ಟು ಬೇರೆ ಕೂರಿಸಿದರೆ ಹಸಿವು ನೀಗಬಹುದು, ಅವಮಾನ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1927ರಲ್ಲಿ ಸಾತಾರಕ್ಕೆ ಬಂದ ಗಾಂಧೀಜಿ ಈ ವಸತಿಗೃಹವನ್ನು ಕಂಡು ಮೆಚ್ಚಿ, ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು. ಪುಣೆ ಒಪ್ಪಂದದ ನೆನಪಿಗೆ 1932ರಲ್ಲಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಆರಂಭವಾಯಿತು.

ಈ ಪಂಕ್ತಿಗೆ ಅನ್ನ ಒದಗಿಸಿದ್ದರಲ್ಲಿ ಧರ್ಮಪತ್ನಿ ಲಕ್ಷ್ಮೀಬಾಯಿಯವರ ಪಾಲು ದೊಡ್ಡದು. ಮಡಿಮೈಲಿಗೆಯ ಮನೆಯಲ್ಲಿ ಬೆಳೆದ ಆ ತಾಯಿ ಎಲ್ಲ ಜಾತಿಯ ಮಕ್ಕಳಿಗೂ ತಾಯಿಯಾದರು. ತವರಿನಿಂದ ತಂದ ಒಡವೆಗಳು ಒಂದೊಂದಾಗಿ ಮಕ್ಕಳ ಊಟಕ್ಕೆ ಹೋದವು. ಪತಿ ಊರಲ್ಲಿಲ್ಲದಾಗ ಕಾಳು ಮುಗಿದ ಒಂದು ದಿನ ಮಂಗಳಸೂತ್ರವನ್ನೂ ತೆಗೆದುಕೊಟ್ಟರು. 1930ರಲ್ಲಿ ಅವರು ತೀರಿಕೊಂಡರು.

ಭಾವುರಾವ್ ಹಣವಂತರ ದಾನವನ್ನಷ್ಟೇ ನಂಬಿ ಕೂರಲಿಲ್ಲ. ಮನೆಗೊಂದು ಹಿಡಿ ಧಾನ್ಯ ಎತ್ತಿಡುವ ಮುಷ್ಟಿ ಫಂಡ್ ಹಳ್ಳಿಯ ಬಡವರನ್ನೂ ದಾನಿಗಳನ್ನಾಗಿ ಮಾಡಿತು. ವಿದ್ಯಾರ್ಥಿಗಳು ಹೊಲದಲ್ಲಿ ದುಡಿದು ತಮ್ಮ ಓದಿನ ಖರ್ಚನ್ನು ತಾವೇ ಗಳಿಸಿಕೊಳ್ಳುವ ಪದ್ಧತಿ ತಂದರು. 1940ರಲ್ಲಿ ಇದೇ ತತ್ವದ ಮೇಲೆ ಸಾತಾರದಲ್ಲಿ ಮಹಾರಾಜ ಸಯಾಜಿರಾವ್ ಪ್ರೌಢಶಾಲೆ, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾದವು. ದೊಡ್ಡ ಮೊತ್ತ ಕೊಡುತ್ತೇನೆ, ಕಾಲೇಜಿನ ಹೆಸರು ಬದಲಿಸಿ ಎಂದು ಬಂದ ದಾನಿಗೆ, ಬೇಕಾದರೆ ತಮ್ಮ ತಂದೆಯ ಹೆಸರು ಬದಲಿಸಿಕೊಳ್ಳುವುದಾಗಿಯೂ ಶಿವಾಜಿಯ ಹೆಸರು ಮಾತ್ರ ಬದಲಾಗದೆಂದೂ ತಿಳಿಸಿ ಕಳಿಸಿದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ.

ಗಾಂಧೀಜಿಯವರ ಹತ್ಯೆಯ ಬಳಿಕ ಅವರ ನೆನಪಿಗೆ 101 ಪ್ರೌಢಶಾಲೆಗಳನ್ನು ತೆರೆಯುವ ಸಂಕಲ್ಪ ಮಾಡಿದರು. ಅದೇ ಕಾಲಕ್ಕೆ ಸರಕಾರದ ಅನುದಾನ ನಿಂತಿತು. ಸಂತ ಗಾಡಗೆ ಮಹಾರಾಜರು ಸರಕಾರದೊಡನೆ ಮಾತಾಡಿದ ಮೇಲೆ ಅನುದಾನ ಮರಳಿತು. ಆ ಸಂತರ ಹೆಸರಿನಲ್ಲಿ 1954ರಲ್ಲಿ ಕರಾಡದಲ್ಲಿ ಕಾಲೇಜು ಎದ್ದಿತು. ಭಾವುರಾವ್ ಅವರ ಕೊನೆಗಾಲಕ್ಕೆ ಸಂಸ್ಥೆಯ ಪ್ರೌಢಶಾಲೆಗಳು ನೂರನ್ನು ದಾಟಿದ್ದವು.

ಜನರು ಪ್ರೀತಿಯಿಂದ ಕೊಟ್ಟ ಕರ್ಮವೀರ ಎಂಬ ಬಿರುದು ಮೊದಲೇ ಅವರ ಹೆಸರಿಗೆ ಸೇರಿತ್ತು. ಸರಕಾರದ ಪದ್ಮಭೂಷಣ, ಪುಣೆ ವಿಶ್ವವಿದ್ಯಾಲಯದ ಡಿ.ಲಿಟ್. ಎರಡೂ 1959ರಲ್ಲಿ ಬಂದವು. ಅದೇ ವರ್ಷ ಮೇ 9ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಆಹಾರದಾನಕ್ಕೂ ಶಾಸ್ತ್ರದಾನಕ್ಕೂ ಪಂಕ್ತಿಭೇದ ಸಲ್ಲದೆಂದು ಕರ್ಮವೀರರು ನಡೆದು ತೋರಿಸಿದರು. ಅವರ ಹೆಸರಿನ ಪ್ರಶಸ್ತಿಗೆ ಸೇವಾ ಸಂಸ್ಥೆಗಳನ್ನೋ ಸೇವಕರನ್ನೋ ಆರಿಸುವಾಗ, ಎಷ್ಟು ಜನರಿಗೆ ಊಟ ಬಡಿಸಿದರು ಎಂದು ಎಣಿಸಿದರೆ ಸಾಲದು. ಆ ಊಟಕ್ಕೆ ಯಾರು ಯಾರ ಪಕ್ಕದಲ್ಲಿ ಕುಳಿತಿದ್ದರು ಎಂಬುದನ್ನೂ ನೋಡಬೇಕಾಗುತ್ತದೆ.