ಕುಷ್ಠರೋಗಿಗಳ ಬಂಧು ಫಾದರ್ ಮುಲ್ಲರ್

ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಕೇಳದ ಕಥೋಲಿಕರು ವಿರಳ. ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು.

ಕುಷ್ಠರೋಗಿಯನ್ನು ಮನೆಯವರೇ ಹೊರಗಟ್ಟುತ್ತಿದ್ದ ಕಾಲವದು. ಅಂಥವರಿಗಾಗಿ ಅವರು 1890ರಲ್ಲಿ ಆಶ್ರಯಧಾಮ ತೆರೆದರು. 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಆಸ್ಪತ್ರೆ ಕಟ್ಟಿದರು. ಈ ರೋಗಾಣುಗಳನ್ನು ನಿಶ್ಚಯವಾಗಿ ಕೊಲ್ಲುವ ಔಷಧಿ ಆಗ ಯಾರ ಬಳಿಯೂ ಇರಲಿಲ್ಲ. ಹುಣ್ಣು ತೊಳೆಯುವುದು, ಅನ್ನವಿಡುವುದು, ಜೊತೆಗಿರುವುದು, ಇಷ್ಟೇ ಸಾಧ್ಯವಿತ್ತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ದೇವರ ಪಾದ ಸೇರಿದರು.

ಅವರಿಗೆ ಸಿಗದ ಔಷಧಿ ನಮಗೆ ಸಿಕ್ಕಿದೆ. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. ವರ್ಷಗಟ್ಟಲೆ ಅದೊಂದನ್ನೇ ಕೊಟ್ಟಿದ್ದರಿಂದ, ರೋಗಿಗಳು ನಡುನಡುವೆ ಬಿಟ್ಟಿದ್ದರಿಂದ, ರೋಗಾಣುಗಳು ಅದಕ್ಕೆ ಬಗ್ಗದಾದವು. ಆದ್ದರಿಂದ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದಕ್ಕಿಂತ ಹೆಚ್ಚು ಔಷಧಿಗಳನ್ನು ಒಟ್ಟಿಗೆ ಕೊಡಲು ಸೂಚಿಸಿತು. ಈಗ 6ರಿಂದ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲೂ ಸರ್ಕಾರದ ಈ ಚಿಕಿತ್ಸೆ ಉಚಿತ.

ಪ್ರಿಯ ಓದುಗರೇ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಮಚ್ಚೆ ಮಾಸಿತೆಂದು ಮಾತ್ರೆ ಅರ್ಧಕ್ಕೆ ನಿಲ್ಲಿಸಬೇಡಿ. ಚಿಕಿತ್ಸೆ ಆರಂಭವಾದ ಸ್ವಲ್ಪದರಲ್ಲೇ ರೋಗ ಹರಡುವುದು ನಿಲ್ಲುತ್ತದೆ; ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಔಷಧಿಯಿಲ್ಲದ ಕಾಲದಲ್ಲೇ ಮುಲ್ಲರ್ ಅವರನ್ನು ದೂರವಿಡಲಿಲ್ಲ. ಔಷಧಿಯಿರುವ ನಾವು ದೂರವಿಡುವುದು ಯಾವ ನ್ಯಾಯ?