ಉಕ್ರೇನಿನ ಜನಕವಿ ತರಾಸ್ ಷೆವ್ಚೆಂಕೊ

ಮನುಷ್ಯರನ್ನು ಹೊಲಮನೆಗಳೊಡನೆ, ದನಕರುಗಳಂತೆ ಮಾರುವ ಮತ್ತು ಕೊಳ್ಳುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ರಷ್ಯಾ ಸಾಮ್ರಾಜ್ಯದಲ್ಲಿ ಜಾರಿಯಲ್ಲಿತ್ತು. ಎರಡು ಕೋಟಿಗೂ ಮಿಕ್ಕ ಜನ ಅಲ್ಲಿ ಭೂಮಾಲೀಕರ ಜೀತದಾಳುಗಳಾಗಿದ್ದರು. ಒಡೆಯನ ಅಪ್ಪಣೆಯಿಲ್ಲದೆ ಅವರು ಊರು ಬಿಡುವಂತಿರಲಿಲ್ಲ, ಮದುವೆಯಾಗುವಂತಿರಲಿಲ್ಲ. ಇಂತಹ ಜೀತದ ಗುಡಿಸಲಿನಲ್ಲಿ ಹುಟ್ಟಿದ ಬಾಲಕನೊಬ್ಬನು ಮುಂದೆ ತನ್ನ ನಾಡಿನ ರಾಷ್ಟ್ರಕವಿಯಾದನು. ಆತನೇ ತರಾಸ್ ಷೆವ್ಚೆಂಕೊ.

ತರಾಸನು 1814ರ ಮಾರ್ಚ್ 9ರಂದು ಉಕ್ರೇನಿನ ಮೊರಿಂತ್ಸಿ ಎಂಬ ಹಳ್ಳಿಯಲ್ಲಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನೂ ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡನು. ಹಿಂದಿನ ಕಾಲದಲ್ಲಿ ರೈತರು ಒಡೆಯರ ವಿರುದ್ಧ ದಂಗೆಯೆದ್ದ ಕಥೆಗಳನ್ನು ಅಜ್ಜನು ಅವನಿಗೆ ಹೇಳುತ್ತಿದ್ದನು. ಕೊಬ್ಜಾ ಎಂಬ ತಂತಿವಾದ್ಯವನ್ನು ನುಡಿಸುತ್ತ ಊರೂರು ಅಲೆಯುವ ಹಾಡುಗಾರರ ಲಾವಣಿಗಳೂ ಅವನ ಕಿವಿಯಲ್ಲಿ ತುಂಬಿದ್ದವು. ಚರ್ಚಿನ ಪಾಠಕನೊಬ್ಬನ ಬಳಿ ಅಕ್ಷರಾಭ್ಯಾಸವಾಯಿತು. ಅಲ್ಲಿ ಪಾಠಕ್ಕಿಂತ ಏಟುಗಳೇ ಹೆಚ್ಚು. ಆದರೂ ಕೈಗೆ ಸಿಕ್ಕ ಕಾಗದದ ಚೂರಿನ ಮೇಲೆ ಚಿತ್ರ ಬರೆಯುವ ಅಭ್ಯಾಸವನ್ನು ಹುಡುಗನು ಬಿಡಲಿಲ್ಲ.

ಒಡೆಯನಾದ ಎಂಗೆಲ್‌ಹಾರ್ಟನು ತರಾಸನನ್ನು ಮನೆಯ ಆಳಾಗಿ ಇಟ್ಟುಕೊಂಡು, ತಾನು ಹೋದಲ್ಲಿಗೆಲ್ಲ ಕರೆದೊಯ್ದನು. ವಿಲ್ನಾ ನಗರದಲ್ಲಿದ್ದಾಗ ಒಂದು ರಾತ್ರಿ ಒಡೆಯನು ನರ್ತನಕೂಟಕ್ಕೆ ಹೋಗಿದ್ದನು. ಆ ಸಮಯದಲ್ಲಿ ತರಾಸನು ಮೇಣದ ಬತ್ತಿಯನ್ನು ಹಚ್ಚಿ ಚಿತ್ರ ಬರೆಯುತ್ತ ಕುಳಿತನು. ಮೈಮರೆತಿದ್ದ ಅವನಿಗೆ ಒಡೆಯನು ಮರಳಿದ್ದು ತಿಳಿಯಲೇ ಇಲ್ಲ. ಮರುದಿನ ಅವನಿಗೆ ಚಾಟಿಯೇಟಿನ ಶಿಕ್ಷೆಯಾಯಿತು. ಮನೆಯಲ್ಲಿ ಚಿತ್ರಕಾರನೊಬ್ಬನಿದ್ದರೆ ತನಗೂ ಲಾಭವೆಂದು ಬಗೆದ ಎಂಗೆಲ್‌ಹಾರ್ಟನು 1832ರಲ್ಲಿ ಅವನನ್ನು ಸೇಂಟ್ ಪೀಟರ್ಸ್‌ಬರ್ಗಿನ ವರ್ಣಚಿತ್ರಕಾರನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟನು.

ಆ ರಾಜಧಾನಿಯಲ್ಲಿ ಬೇಸಿಗೆಯ ರಾತ್ರಿಗಳೂ ಬೆಳಕಾಗಿರುತ್ತವೆ. ಆ ಬೆಳಕಿನಲ್ಲಿ ತರಾಸನು ಅಲ್ಲಿನ ಪ್ರಸಿದ್ಧ ಉದ್ಯಾನದ ಶಿಲ್ಪಗಳನ್ನು ನೋಡಿ ನೋಡಿ ರೇಖಿಸುತ್ತಿದ್ದನು. ಅವನದೇ ನಾಡಿನ ಸೊಶೆಂಕೊ ಎಂಬ ಕಲಾವಿದನ ಸ್ನೇಹ ಅವನಿಗೆ ದೊರೆಯಿತು. ಸೊಶೆಂಕೊ ಅವನ ಪ್ರತಿಭೆಯನ್ನು ಗುರುತಿಸಿ ಹಿರಿಯರಿಗೆ ಪರಿಚಯಿಸಿದನು. ಆದರೆ ಜೀತದಾಳಿಗೆ ಕಲಾಶಾಲೆಯಲ್ಲಿ ಪ್ರವೇಶವಿರಲಿಲ್ಲ. ಬಿಡುಗಡೆಗೆ ಒಡೆಯನು ಕೇಳಿದ ಬೆಲೆ 2,500 ರೂಬಲ್. ಆಗ ಹೆಸರಾಂತ ಚಿತ್ರಕಾರನಾದ ಬ್ರ್ಯುಲೋವನು ಕವಿ ಝುಕೋವ್ಸ್ಕಿಯ ಭಾವಚಿತ್ರವನ್ನು ಬರೆದನು. ಆ ಚಿತ್ರವನ್ನು ಲಾಟರಿಗೆ ಇಡಲಾಯಿತು. ರಾಜಮನೆತನದವರೂ ಚೀಟಿಗಳನ್ನು ಕೊಂಡರು. ಹೀಗೆ ಕೂಡಿದ ಹಣದಿಂದ 1838ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತರಾಸನು ಸ್ವತಂತ್ರನಾದನು.

ಕಲಾಶಾಲೆಯಲ್ಲಿ ಬ್ರ್ಯುಲೋವನ ಶಿಷ್ಯನಾಗಿ ಅವನು ಹೆಸರು ಗಳಿಸಿದನು. ಆದರೆ ಅವನ ಅಂತರಂಗ ಕಾವ್ಯದ ಕಡೆಗೂ ಒಲಿದಿತ್ತು. 1840ರಲ್ಲಿ ‘ಕೊಬ್ಜಾರ್’ ಎಂಬ ಅವನ ಕವನಸಂಕಲನ ಪ್ರಕಟವಾಯಿತು. ಕೊಬ್ಜಾರ್ ಎಂದರೆ ಕೊಬ್ಜಾ ನುಡಿಸುವ ಹಾಡುಗಾರ. ಅದರಲ್ಲಿದ್ದುದು ಎಂಟೇ ಕವನಗಳು. ಅವೆಲ್ಲವೂ ಉಕ್ರೇನಿಯನ್ ಭಾಷೆಯವು. ಆ ಭಾಷೆಯಲ್ಲಿ ಅವನಿಗಿಂತ ಮೊದಲೂ ಕೆಲವರು ಬರೆದಿದ್ದರು. ಆದರೂ ಅದು ಹಳ್ಳಿಗರ ಆಡುನುಡಿ, ಹಾಸ್ಯಕ್ಕಷ್ಟೇ ಸಲ್ಲುವುದು ಎಂದು ಪಂಡಿತರಲ್ಲಿ ಅನೇಕರು ಭಾವಿಸಿದ್ದರು. ರಷ್ಯನ್ ಭಾಷೆಯಲ್ಲಿ ಬರೆದರೆ ಹೆಚ್ಚಿನ ಕೀರ್ತಿ ಬರುವುದೆಂದು ಕೆಲವು ವಿಮರ್ಶಕರು ಹೇಳಿದರು. ಷೆವ್ಚೆಂಕೊ ಮುಂದೆ ರಷ್ಯನ್ ಭಾಷೆಯಲ್ಲಿ ಗದ್ಯಕಥೆಗಳನ್ನು ಬರೆದುದೂ ಉಂಟು. ಆದರೆ ತನ್ನ ಜನರ ಅಳಲನ್ನು ಅವರ ಮಾತಿನಲ್ಲಿಯೇ ಹಾಡಬೇಕೆಂಬ ನಿಲುವನ್ನು ಅವನು ಬದಲಿಸಲಿಲ್ಲ.

1843ರಲ್ಲಿ ಅವನು ಹುಟ್ಟೂರಿಗೆ ಹೋದನು. ತಾನು ಸ್ವತಂತ್ರ; ಆದರೆ ಒಡಹುಟ್ಟಿದವರೆಲ್ಲರೂ ಇನ್ನೂ ಜೀತದಲ್ಲಿದ್ದರು. ಈ ನೋವು ಕಾವ್ಯವಾಗಿ ಹೊಮ್ಮಿತು. ದಬ್ಬಾಳಿಕೆಯನ್ನು ಖಂಡಿಸುವ ಕವನಗಳಲ್ಲಿ ಅವನು ಚಕ್ರವರ್ತಿಯನ್ನೂ ಚಕ್ರವರ್ತಿನಿಯನ್ನೂ ವಿಡಂಬಿಸಿದನು. 1847ರ ಏಪ್ರಿಲಿನಲ್ಲಿ ಅವನ ಬಂಧನವಾಯಿತು. ತನ್ನ ಬಿಡುಗಡೆಗೆ ನೆರವಾದ ರಾಜಮನೆತನವನ್ನೇ ನಿಂದಿಸಿದ ಕೃತಘ್ನನೆಂದು ಅಧಿಕಾರಿಗಳು ಆರೋಪಿಸಿದರು. ಸಾಮಾನ್ಯ ಸಿಪಾಯಿಯಾಗಿ ದೂರದ ಓರೆನ್‌ಬರ್ಗ್ ಪ್ರಾಂತಕ್ಕೆ ಗಡೀಪಾರು ಮಾಡುವ ಶಿಕ್ಷೆ ವಿಧಿಸಲ್ಪಟ್ಟಿತು. ಬರೆಯಲೂ ಕೂಡದು, ಚಿತ್ರ ರಚಿಸಲೂ ಕೂಡದು ಎಂದು ಚಕ್ರವರ್ತಿ ಒಂದನೆಯ ನಿಕೊಲಸನು ಆ ಆಜ್ಞೆಗೆ ತನ್ನ ಕೈಯಾರೆ ಸೇರಿಸಿದನು.

ಕವಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆ ಬೇರೆ ಯಾವುದಿದೆ? ಆದರೆ ಷೆವ್ಚೆಂಕೊ ಅಂಗೈಯಲ್ಲಿ ಅಡಗುವ ಪುಟ್ಟ ಪುಸ್ತಕಗಳನ್ನು ಮಾಡಿಕೊಂಡು, ಗುಟ್ಟಾಗಿ ಅವುಗಳಲ್ಲಿ ಕವನಗಳನ್ನು ಬರೆದು, ಬೂಟಿನೊಳಗೆ ಅಡಗಿಸಿ ಕಾಪಾಡಿದನು. 1848ರಲ್ಲಿ ಆರಲ್ ಸಮುದ್ರದ ಶೋಧನೆಗೆ ಹೊರಟ ತಂಡದ ನಾಯಕನು ಅವನನ್ನು ಚಿತ್ರಕಾರನಾಗಿ ಸೇರಿಸಿಕೊಂಡನು. ರಾಜಾಜ್ಞೆಯನ್ನು ಮೀರಿದ ಅಪರಾಧಕ್ಕಾಗಿ 1850ರಲ್ಲಿ ಮತ್ತೆ ಬಂಧನವಾಯಿತು. ಬಳಿಕ ಕ್ಯಾಸ್ಪಿಯನ್ ಸಮುದ್ರದ ಬರಡು ತೀರದ ಕೋಟೆಯೊಂದರಲ್ಲಿ ಅವನು ಏಳು ವರ್ಷಗಳನ್ನು ಕಳೆದನು. ಕಜಕಸ್ತಾನದಲ್ಲಿರುವ ಆ ಊರು ಇಂದು ಷೆವ್ಚೆಂಕೊನ ಹೆಸರನ್ನೇ ಹೊತ್ತಿದೆ.

ನಿಕೊಲಸನು ತೀರಿಕೊಂಡ ಎರಡು ವರ್ಷಗಳ ಅನಂತರ, 1857ರಲ್ಲಿ, ಕವಿಗೆ ಬಿಡುಗಡೆಯಾಯಿತು. ದೇಹ ಜರ್ಜರಿತವಾಗಿತ್ತು, ಉತ್ಸಾಹ ಕುಂದಿರಲಿಲ್ಲ. ಬಡಮಕ್ಕಳು ತಾಯ್ನುಡಿಯಲ್ಲಿ ಓದು ಕಲಿಯಲೆಂದು ಅವನು ಅಕ್ಷರಮಾಲೆಯ ಪುಸ್ತಕವೊಂದನ್ನು ಸಿದ್ಧಪಡಿಸಿದನು. 1861ರ ಆರಂಭದಲ್ಲಿ ಅದರ 10,000 ಪ್ರತಿಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದನು. ಏಟು ತಿಂದು ಅಕ್ಷರ ಕಲಿತವನು ಮಕ್ಕಳಿಗಿತ್ತ ಕಾಣಿಕೆ ಅದು. ಅದೇ ವರ್ಷ ಮಾರ್ಚ್ 10ರಂದು, ನಲವತ್ತೇಳು ವರ್ಷ ತುಂಬಿದ ಮರುದಿನವೇ, ಅವನು ನಿಧನ ಹೊಂದಿದನು. ಜೀತಪದ್ಧತಿಯನ್ನು ರದ್ದುಪಡಿಸುವ ಶಾಸನಕ್ಕೆ ಅಷ್ಟರಲ್ಲಿ ಚಕ್ರವರ್ತಿಯ ಸಹಿ ಬಿದ್ದಿತ್ತು. ಆದರೆ ಅದು ಜನರಿಗೆ ಸಾರಲ್ಪಟ್ಟುದು ಕವಿ ಕಣ್ಮುಚ್ಚಿದ ಒಂದು ವಾರದ ಮೇಲೆ. ಬಾಳಿನುದ್ದಕ್ಕೂ ಕಾದಿದ್ದ ಸುದ್ದಿಯನ್ನು ಅವನು ಕೇಳಲಿಲ್ಲ.

ನೀಪರ್ ನದಿಯ ದಂಡೆಯಲ್ಲಿ ತನ್ನನ್ನು ಮಣ್ಣುಮಾಡಬೇಕೆಂಬ ಬಯಕೆಯನ್ನು ಅವನು ಕವನವೊಂದರಲ್ಲಿ ತಿಳಿಸಿದ್ದನು. ಅದರಂತೆ ಗೆಳೆಯರು ಮೇ ತಿಂಗಳಿನಲ್ಲಿ ಅವನ ದೇಹವನ್ನು ರಾಜಧಾನಿಯಿಂದ ತಂದು ಕಾನಿವ್ ಪಟ್ಟಣದ ಸಮೀಪದ ಗುಡ್ಡದ ಮೇಲೆ ಸಮಾಧಿ ಮಾಡಿದರು. 1876ರಲ್ಲಿ ಸರ್ಕಾರ ಉಕ್ರೇನಿಯನ್ ಪುಸ್ತಕಗಳ ಮುದ್ರಣಕ್ಕೇ ನಿಷೇಧ ಹೇರಿತು. 1914ರಲ್ಲಿ ಕವಿಯ ಶತಮಾನೋತ್ಸವಕ್ಕೂ ಅಡ್ಡಿಪಡಿಸಿತು. ಆದರೆ ಜನರ ನಾಲಗೆಯ ಮೇಲಿದ್ದ ಹಾಡುಗಳನ್ನು ಅಳಿಸಲು ಅದಕ್ಕೆ ಸಾಧ್ಯವಾಗಲಿಲ್ಲ. 1939ರಲ್ಲಿ ಕೀವ್ ವಿಶ್ವವಿದ್ಯಾನಿಲಯಕ್ಕೆ ಅವನ ಹೆಸರನ್ನಿಡಲಾಯಿತು. 1991ರಲ್ಲಿ ಸ್ವತಂತ್ರವಾದ ಉಕ್ರೇನ್ ತನ್ನ ನಾಣ್ಯಪದ್ಧತಿಯ ನೂರು ಹ್ರಿವ್ನಿಯಾ ನೋಟಿನ ಮೇಲೆ ಅವನ ಚಿತ್ರವನ್ನು ಮುದ್ರಿಸಿದೆ.

ಷೆವ್ಚೆಂಕೊ ಬಾಳಿದ ನಲವತ್ತೇಳು ವರ್ಷಗಳಲ್ಲಿ ಇಪ್ಪತ್ತನಾಲ್ಕು ಜೀತದಲ್ಲಿಯೂ ಹತ್ತು ಗಡೀಪಾರಿನಲ್ಲಿಯೂ ಕಳೆದುಹೋದವು. ಸ್ವತಂತ್ರನಾಗಿ ಅವನಿಗೆ ದಕ್ಕಿದ್ದು ಹದಿಮೂರೇ ವರ್ಷ. ಆ ಅಲ್ಪಕಾಲದಲ್ಲಿಯೂ ಅವನು ತನ್ನೊಬ್ಬನ ಸುಖವನ್ನು ನೋಡಿಕೊಳ್ಳಲಿಲ್ಲ. ಬೂಟಿನಲ್ಲಿ ಅಡಗಿ ಉಳಿದ ಅವನ ನುಡಿ ಒಂದು ಜನಾಂಗದ ನುಡಿಯಾಯಿತು.